ಎಷ್ಟು ಟನ್ ಬೇಕು, ಕಾಕಾ?

ಚರ್ಮದ ಚಿಕ್ಕ ತುಂಡುಗಳನ್ನು ಕತ್ತರಿಸುವ ಪ್ರೆಸ್ ಬೇಕು ಅಂತ ಯಾವ ಅಂಗಡಿಗೆ ಫೋನ್ ಮಾಡಿದರೂ ಮೊದಲ ಪ್ರಶ್ನೆ ಒಂದೇ: "ಎಷ್ಟು ಟನ್ನಿಂದು ಬೇಕು ಸರ್?" ಇದಕ್ಕೆ ಉತ್ತರ ಗೊತ್ತಿಲ್ಲದೆ ಹೋದರೆ ಅವರ ಗೋಡೌನಿನಲ್ಲಿ ಯಾವುದು ಉಳಿದಿದೆಯೋ ಅದೇ ನಿಮಗೆ ಬೇಕಾದದ್ದಾಗಿಬಿಡುತ್ತದೆ. ಕಳೆದ ಮೂರು ತಿಂಗಳು ನಾನು, ನನ್ನ ಕಾಕಾ, ಕಾಕಾನ ಮಗ ಮೂವರೂ ಈ ಪ್ರಶ್ನೆಯ ಬೆನ್ನು ಹತ್ತಿದ್ದೆವು. ನಾನು ಬೆಂಗಳೂರಿನಲ್ಲಿ, ಅವರು ಇಂಗಳೇಶ್ವರದಲ್ಲಿ. ವಾರಕ್ಕೆ ಎರಡು ರಾತ್ರಿ ವೀಡಿಯೊ ಕಾಲ್. ಆಫೀಸಿನ ಯಾವ ಪ್ರಾಜೆಕ್ಟಿಗೂ ಇಷ್ಟು ಎಕ್ಸೆಲ್ ಶೀಟ್ ಮಾಡಿದ ನೆನಪಿಲ್ಲ. ಈ ವಾರದ ಅಂಕಣ ಅದರದ್ದೇ ಲೆಕ್ಕ.

ಇಂಗಳೇಶ್ವರ ಅಂದರೆ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಊರು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರು ಅಂತ ಹೆಸರು. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಮಂಟಪ ಇದೆ. ಶರಣರ ಕಾರ್ಯಕ್ರಮ ನಡೆದ ದಿನ ಸಮಗಾರ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲಿ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕತೆಯನ್ನು ಯಾರಾದರೊಬ್ಬರು ಹೇಳಿಯೇ ಹೇಳ್ತಾರೆ. ಕೇಳಿದವರ ಕಣ್ಣೂ ಒದ್ದೆಯಾಗುತ್ತೆ. ಮರುದಿನ ಅವರೇ ಬಂದು ಕಾಕಾನ ಹತ್ತಿರ ಚಪ್ಪಲಿಗೆ ಐವತ್ತು ರೂಪಾಯಿ ಇಳಿಸು ಅಂತ ಜಗ್ಗಾಡ್ತಾರೆ. ಇರಲಿ, ಅದು ಬೇರೆ ಅಂಕಣ.

ನಮ್ಮದು ಚರ್ಮದ ಕೆಲಸದ ಮನೆ. ಎತ್ತಿನ ಕೊರಳಪಟ್ಟಿ, ಬಾರುಕೋಲು, ಮಿಣಿ, ಚಪ್ಪಲಿ ಇವೆಲ್ಲ ಅಜ್ಜನ ಕೈಯಿಂದ ಆಗುತ್ತಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಸಾಮಾನು ಶ್ರಾವಣದ ಮೂಲನಂದೀಶ್ವರ ಜಾತ್ರೆಯ ಹೊತ್ತಿಗಷ್ಟೇ ಹೋಗುತ್ತವೆ. ನನ್ನ ಅಪ್ಪ ನೌಕರಿ ಹಿಡಿದು ಹೊರಬಿದ್ದರು, ನಾನು ಇಂಜಿನಿಯರಿಂಗ್ ಓದಿದೆ. ರಂಪಿಗೆ ಹಿಡಿದು ಕೂತವರು ಕಾಕಾ ಒಬ್ಬರೇ. ಈಗ ಅವರಿಗೆ 58. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಅಂತ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದ್ದಾರೆ. ಹೊಲಿಗೆ ಹಾಕಬಹುದು, ಹೆಣೆಯಬಹುದು. ಒತ್ತಿ ಹಿಡಿದು ಕತ್ತರಿಸೋದು ಕಡಿಮೆ ಮಾಡಬೇಕು.

ಅದೇ ಹೊತ್ತಿಗೆ ತಮ್ಮನಿಗೆ ಆರ್ಡರ್ ಒಂದು ಬಂತು. ಮದುವೆಗೆ ಬಂದವರಿಗೆ ಕೊಡಲು 400 ಚರ್ಮದ ಕೀ ಚೈನ್. ತಮ್ಮನಿಗೆ 23. ಗೆಳೆಯರೆಲ್ಲ ಗೋವಾ, ಪುಣೆ ಸೇರಿದ್ದಾರೆ. ಅವನ ಮುಂದೆಯೂ ಗೋವಾದ ಒಂದು ಹೋಟೆಲ್ ಕೆಲಸ ಇತ್ತು. "ಈ ಆರ್ಡರ್ ಆದರೆ ಇಲ್ಲೇ ಇರ್ತೀನಿ, ಆಗದಿದ್ದರೆ ಹೋಗ್ತೀನಿ" ಅಂತ ಅವನು ಕಾಕಾನಿಗೆ ಹೇಳಿರಲಿಲ್ಲ, ನನಗೆ ಹೇಳಿದ್ದ. ಹಾಗಾಗಿ ಪ್ರೆಸ್ಸಿನ ಲೆಕ್ಕದಲ್ಲಿ ನನಗೆ ಟನ್ನಿಗಿಂತ ಹೆಚ್ಚಿನದೇನೋ ಕಾಣ್ತಿತ್ತು.

ಮೊದಲು ಸಮಯದ ಲೆಕ್ಕ. ರಟ್ಟಿನ ಮಾದರಿ ಇಟ್ಟು ಗೆರೆ ಎಳೆದು ರಂಪಿಗೆಯಿಂದ ಕತ್ತರಿಸಲು ಒಂದು ಕೀ ಚೈನ್ ತುಂಡಿಗೆ ಎರಡು ನಿಮಿಷ. 400ಕ್ಕೆ 800 ನಿಮಿಷ, ಅಂದರೆ ಹದಿಮೂರು ಗಂಟೆ ಚಿಲ್ಲರೆ. ಪೂರ್ತಿ ಹೆಬ್ಬೆರಳಿನ ಮೇಲೆ. ನಾಲ್ಕುನೂರನೇ ತುಂಡು ಒಂದನೆಯದರ ಹಾಗೇ ಇರಬೇಕು ಅನ್ನೋದು ಬೇರೆ.

ಈಗ ಟನ್. ಡೈ ಅಂದರೆ ಕುಕೀ ಕಟರ್ ಇದ್ದ ಹಾಗೆ: ಬೇಕಾದ ಆಕಾರಕ್ಕೆ ಬಗ್ಗಿಸಿದ ಹರಿತವಾದ ಉಕ್ಕಿನ ಪಟ್ಟಿ. ಎಷ್ಟು ಬಲ ಬೇಕು ಅನ್ನೋದನ್ನು ಮುಖ್ಯವಾಗಿ ನಿರ್ಧರಿಸೋದು ತುಂಡಿನ ಅಗಲವಲ್ಲ, ಅಂಚಿನ ಒಟ್ಟು ಉದ್ದ; ಜೊತೆಗೆ ಚರ್ಮದ ದಪ್ಪ, ಹದ. ನಮ್ಮದು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ 3 ಮಿ.ಮೀ. ಚರ್ಮ. ಇದಕ್ಕೆ ಬೇಕಾಗುವ ಬಲ ಅಳೆಯಲು ತಮ್ಮ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದ. ಮೈತೂಕ ನೋಡುವ ಮಷಿನ್, ಅದರ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಕತ್ತರಿಸೋ ಹಲಗೆ, ಅದರ ಮೇಲೆ ಚರ್ಮ. ಡೈ ಪಟ್ಟಿಯ ಸರಿಯಾಗಿ 1 ಸೆಂ.ಮೀ. ತುಂಡನ್ನು ಮರದ ಗುಟ್ಟೆಯಲ್ಲಿ ಕೂರಿಸಿ, ಮೇಲಿಂದ ಮೈಭಾರ ಬಿಟ್ಟು ಒತ್ತೋದು. ಪಟ್ಟಿ ಚರ್ಮ ದಾಟಿ ಹಲಗೆ ಮುಟ್ಟುವಾಗ ಮಷಿನ್ ಎಷ್ಟು ತೋರಿಸುತ್ತೆ ಅಂತ ನಾನು ವೀಡಿಯೊದಲ್ಲಿ ನೋಡೋದು. ಐದಾರು ಸಲ ಮಾಡಿದಾಗ ಮುಳ್ಳು 40 ಕೆಜಿ ಆಸುಪಾಸು ಆಡಿತು. ನಾವು ಧಾರಾಳವಾಗಿ ಸೆಂಟಿಮೀಟರಿಗೆ 50 ಕೆಜಿ ಅಂತ ಹಿಡಿದೆವು. ನಿಮ್ಮ ಚರ್ಮಕ್ಕೆ ನೀವೇ ಮಾಡಿ ನೋಡಿ. ಕ್ರೋಮ್ ಹದದ ಮೆತ್ತನೆ ಚರ್ಮಕ್ಕೂ ಎಮ್ಮೆಯ ಅಟ್ಟೆಗೂ ಬಹಳ ವ್ಯತ್ಯಾಸ ಬರುತ್ತೆ.

ಕೀ ಚೈನ್ ತುಂಡು 3.5 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ. ಮೂಲೆ ದುಂಡಗೆ ಮಾಡಿದರೆ ಅಂಚಿನ ಉದ್ದ ಸುಮಾರು 24 ಸೆಂ.ಮೀ. ಗುಣಿಸಿದರೆ 1,200 ಕೆಜಿ. ಡೈ ಮೊಂಡಾದಾಗ ಹೆಚ್ಚು ಬೇಕಾಗುತ್ತೆ, ಅದಕ್ಕೆ ಅರ್ಧದಷ್ಟು ಸೇರಿಸಿ: 1.8 ಟನ್. ಇಷ್ಟೇ. "20 ಟನ್ನಿಗಿಂತ ಕಮ್ಮಿ ತಗೋಬೇಡಿ" ಅಂತ ನಮಗೆ ಹೇಳಿದವರಿದ್ದಾರೆ. ಅವರು ಮನಸ್ಸಿನಲ್ಲಿ ಶೂ ಫ್ಯಾಕ್ಟರಿ ಇಟ್ಟುಕೊಂಡು ಮಾತಾಡ್ತಿದ್ದರು.

ಫ್ಯಾಕ್ಟರಿಯಲ್ಲಿ ಇರೋದು ಸ್ವಿಂಗ್ ಆರ್ಮ್ ಕ್ಲಿಕರ್. ಮೋಟಾರು, ಹೈಡ್ರಾಲಿಕ್, ಪಕ್ಕಕ್ಕೆ ತಿರುಗುವ ತೋಳು, ಗುಂಡಿ ಒತ್ತಿದರೆ ಟಕ್ ಅಂತ ಒಂದು ತುಂಡು. ಆಂಬೂರು, ಆಗ್ರಾ ಕಡೆಯ ಕಾರ್ಖಾನೆಗಳು ಹಳೆಯದನ್ನು ಮಾರಿದಾಗ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ತಮ್ಮನ ಮನಸ್ಸು ಅದರ ಮೇಲೇ. ನಮಗೆ ಹೇಳಿದ ಬೆಲೆ, ಸಾಗಾಟ ಸೇರಿ ಒಂದೂವರೆ ಲಕ್ಷ. ಅಷ್ಟೂ ಸಾಲ ತೆಗೆದರೆ, 14 ಪರ್ಸೆಂಟ್ ಬಡ್ಡಿ, ಮೂರು ವರ್ಷ, ತಿಂಗಳಿಗೆ ಸುಮಾರು 5,100 ರೂಪಾಯಿ ಇಎಂಐ. ಒಂದು ಕೀ ಚೈನಿಗೆ ಖರ್ಚು ಕಳೆದು 25 ರೂಪಾಯಿ ಉಳಿಯುತ್ತೆ ಅಂದರೆ ತಿಂಗಳಿಗೆ 200ಕ್ಕೂ ಹೆಚ್ಚು ತುಂಡು ಬ್ಯಾಂಕಿಗೇ. ಮದುವೆ ಸೀಸನ್ ಇಲ್ಲದ ಆಷಾಢದಲ್ಲೂ. ಮೇಲೆ ತ್ರೀ ಫೇಸ್ ಕರೆಂಟಿನ ಸಂಪರ್ಕ ಬೇರೆ ಬೇಕು.

ಇದೆಲ್ಲ ಬಿಡಿ. ನಾನು ಬೇಡ ಅಂದದ್ದು ಇನ್ನೊಂದು ಕಾರಣಕ್ಕೆ. ಇಂಥ ಪ್ರೆಸ್ಸಿನಲ್ಲಿ ಎರಡು ಗುಂಡಿ ಇರ್ತವೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ತೋಳು ಇಳಿಯಬೇಕು, ಕೈ ಡೈ ಕೆಳಗೆ ಇರಬಾರದು ಅಂತ. ಮಾರುವವರು ಕಳಿಸಿದ ವೀಡಿಯೊದಲ್ಲಿ ಆಪರೇಟರ್ ಒಂದೇ ಕೈಯಲ್ಲಿ ಗುಂಡಿ ಒತ್ತುತ್ತಿದ್ದ, ಇನ್ನೊಂದು ಕೈ ಚರ್ಮದ ಮೇಲೆ. ಯಾರೋ ವೈರ್ ಸೇರಿಸಿ ಎರಡನೇ ಗುಂಡಿಯನ್ನು ಸುಮ್ಮನಾಗಿಸಿದ್ದಾರೆ. ಹೆಬ್ಬೆರಳು ಉಳಿಸಲು ಮಷಿನ್ ತಗೊಂಡು ಇಡೀ ಕೈ ಕೊಡೋದು ಯಾವ ಲೆಕ್ಕ? ಹಳೇ ಕ್ಲಿಕರ್ ನೋಡಲು ಹೋಗುವವರು ಮೊದಲು ಇದನ್ನು ನೋಡಿ, ಬಣ್ಣ ಆಮೇಲೆ ನೋಡಿ.

ಕೈಯಿಂದ ನಡೆಯುವವುಗಳಲ್ಲಿ ಹಲವು ಬಗೆ. ಕರಕುಶಲದವರು ಬಳಸೋ, ಎರಡು ರೋಲರ್ ನಡುವೆ ತಿರುಗಿಸೋ ಪುಟ್ಟ ಮಷಿನ್ ತೆಳು ಚರ್ಮಕ್ಕೆ, ಫೆಲ್ಟಿಗೆ ಚೆನ್ನ. ನಮ್ಮ 3 ಮಿ.ಮೀ. ಅದಕ್ಕೆ ಭಾರ ಅನಿಸಿತು. ಫ್ಲೈ ಪ್ರೆಸ್ ನೀವು ನೋಡಿರಬಹುದು: ಮೇಲೆ ಅಡ್ಡ ತೋಳು, ತುದಿಗೆ ಕಬ್ಬಿಣದ ಗುಂಡು, ಬೀಸಿದರೆ ಸ್ಕ್ರೂ ಇಳಿದು ಗುದ್ದುತ್ತೆ. ವೇಗ ಚೆನ್ನಾಗಿದೆ, ಬಾಳಿಕೆ ತಲೆಮಾರುಗಟ್ಟಲೆ. ಆದರೆ ಅದು ಒತ್ತೋದಲ್ಲ, ಹೊಡೆಯೋದು. ತಡೆ ಸರಿಯಾಗಿ ಕೂರಿಸದಿದ್ದರೆ ಡೈ ಬಾಯಿ ಬೇಗ ಹಾಳಾಗುತ್ತೆ. ಮೇಲಾಗಿ ಕಾಕಾನ ಕೆಲಸದ ಜಾಗ ಅಂದರೆ ಮನೆಯ ಪಡಸಾಲೆ. ಓಡಾಡುವ ಮೊಮ್ಮಕ್ಕಳ ತಲೆಯ ಮಟ್ಟದಲ್ಲಿ ಕಬ್ಬಿಣದ ಗುಂಡು ತಿರುಗೋದು ಕಾಕಿಗೆ ಒಂದು ಕ್ಷಣವೂ ಒಪ್ಪಿಗೆಯಾಗಲಿಲ್ಲ.

ಉಳಿದದ್ದು ಎರಡು: ಆರ್ಬರ್ ಪ್ರೆಸ್, ಬಾಟಲ್ ಜಾಕ್ ಪ್ರೆಸ್.

ಆರ್ಬರ್ ಪ್ರೆಸ್ ಅಂದರೆ ಹಿಡಿಕೆ ಎಳೆದರೆ ಹಲ್ಲಿನ ಚಕ್ರ ತಿರುಗಿ ಉಕ್ಕಿನ ಕಂಬ ಇಳಿಯೋದು. ಆನ್‌ಲೈನಿನಲ್ಲಿ ಚರ್ಮದ ಹವ್ಯಾಸಿಗಳೆಲ್ಲ ಇದನ್ನೇ ಹೊಗಳ್ತಾರೆ. ಇದರ ಮೇಲೆ ಬರೆದ ಟನ್ ಓದುವಾಗ ಒಂದು ವಿಷಯ ಗಮನಿಸಿ. ಅದು ಎರಕದ ಮೈ ತಡೆಯುವ ಮಿತಿ. ಅಷ್ಟು ಬಲ ಕೊಡಬೇಕಾದ್ದು ನಿಮ್ಮ ತೋಳು. ಹಿಡಿಕೆ 60 ಸೆಂ.ಮೀ., ಒಳಗಿನ ಹಲ್ಲಿನ ಚಕ್ರದ ತ್ರಿಜ್ಯ 1.5 ಸೆಂ.ಮೀ. ಇದ್ದರೆ ನಿಮ್ಮ ಎಳೆತ ನಲವತ್ತು ಪಟ್ಟು ಆಗುತ್ತೆ. 30 ಕೆಜಿ ಎಳೆದರೆ 1,200 ಕೆಜಿ. ನಮ್ಮ ತುಂಡಿಗೆ ಬೇಕಾದಷ್ಟೇ, ಒಂದು ಗುಲಗಂಜಿ ಹೆಚ್ಚಿಲ್ಲ. 400 ಸಲ 30 ಕೆಜಿ ಎಳೆಯೋದು ಜಿಮ್ಮಿನಲ್ಲಿ ಸರಿ. ಕಂಬದ ತುದಿ ಮೂರ್ನಾಲ್ಕು ಸೆಂಟಿಮೀಟರ್ ಅಗಲ ಮಾತ್ರ, ಆದ್ದರಿಂದ ಡೈ ಮೇಲೆ ದಪ್ಪ ಉಕ್ಕಿನ ತಟ್ಟೆ ಇಡಲೇಬೇಕು, ಇಲ್ಲದಿದ್ದರೆ ನಡುವೆ ಕತ್ತರಿಸಿ ಮೂಲೆ ಹಾಗೇ ಉಳಿಯುತ್ತೆ. ವಾಚ್ ಪಟ್ಟಿಯ ತುದಿ, ಚಿಕ್ಕ ಟ್ಯಾಗು, ತೂತು, ಹೆಸರಿನ ಮುದ್ರೆ ಇವಕ್ಕೆ ಇದು ಒಳ್ಳೇ ಸಾಧನ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ವಾರಾಂತ್ಯಕ್ಕೆ ಪರ್ಸು ಮಾಡುವವರಾದರೆ ನಾನೂ ಇದನ್ನೇ ಹೇಳ್ತೇನೆ.

ಆದರೆ ಕಾಕಾ ಫೋಟೋ ನೋಡಿ ಕೇಳಿದ್ದು ಬೇರೆಯದೇ.

"ಇದನ್ನ ಟೇಬಲ್ ಮ್ಯಾಲ ಇಟ್ಟ ನಿಂತ ಎಳೀಬೇಕೇನೋ ತಮ್ಮಾ?"

"ಹೌದು ಕಾಕಾ."

"ನಲವತ್ತ ವರ್ಷ ಕುಂತ ಮಾಡೇನಿ. ಈಗ ನಿಂತ ಮಾಡೂದಂದ್ರ ನನ್ನ ಮೊಣಕಾಲಿಗೆ ಮತ್ತೊಂದು ಎಕ್ಸ್‌ರೇ ತೆಗಸಬೇಕಾಗ್ತೈತಿ."

ಯಾವ ಕೊಟೇಶನ್ನಿನಲ್ಲೂ ಈ ಕಾಲಂ ಇರಲಿಲ್ಲ. ಅಲ್ಲಿಂದ ಶೀಟಿನ ಮೊದಲ ಸಾಲು ಬದಲಾಯಿತು: ನೆಲದ ಮೇಲೆ ಕೂತು ನಡೆಸಲು ಬರಬೇಕು. ಅಂಗಡಿಯಲ್ಲಿ ಸಿಗುವ ಒಂದೂ ಪ್ರೆಸ್ ಅದಕ್ಕೆ ಹೊಂದಲಿಲ್ಲ.

ಬಾಗೇವಾಡಿಯ ಒಂದು ವೆಲ್ಡಿಂಗ್ ಅಂಗಡಿಯವರು ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡ್ತಾರೆ. ತಮ್ಮ ಅವರ ಹತ್ತಿರ ಹೋಗಿ ಕೂತ. ಲಾರಿ ಎತ್ತುವ 8 ಟನ್ ಬಾಟಲ್ ಜಾಕ್ ತಳದಲ್ಲಿ. ಅದರ ತಲೆಯ ಮೇಲೆ ದಪ್ಪ ತಟ್ಟೆ. ಎರಡು ಕಡೆ ಚಾನಲ್ ಕಂಬ, ಮೇಲೆ ಜೋಡಿ ಚಾನಲ್ಲಿನ ಅಡ್ಡತೊಲೆ, ಅದರ ಅಡಿಗೂ ಸಪಾಟಾದ ತಟ್ಟೆ. ಜಾಕ್ ಏರಿದರೆ ಕೆಳಗಿನ ತಟ್ಟೆ ಡೈಯನ್ನು ಮೇಲಿನ ತಟ್ಟೆಗೆ ಒತ್ತುತ್ತೆ. ವಾಲ್ವ್ ಸಡಿಲಿಸಿದರೆ ಎರಡು ಸ್ಪ್ರಿಂಗ್ ಕೆಳಕ್ಕೆ ಎಳೆಯುತ್ತವೆ. ತಟ್ಟೆ ನೆಲದಿಂದ ಒಂದಡಿಗಿಂತ ಕೆಳಗೆ. ಕಾಕಾ ಚರ್ಮ ಕೊಯ್ಯಲು ಇಟ್ಟುಕೊಳ್ಳುವ ಹಲಗೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಜಾಕಿನ ಎಣ್ಣೆ ಸೀಲು ಹೋದರೆ ಬಾಗೇವಾಡಿಯಲ್ಲೇ ರಿಪೇರಿ. ಬಿಡಿಭಾಗಕ್ಕೆ ಯಾರನ್ನೂ ಕಾಯಬೇಕಿಲ್ಲ. ನನಗೆ ಈ ಪ್ರೆಸ್ಸಿನಲ್ಲಿ ಇಷ್ಟವಾದ ಗುಣ ಇದೇ.

ದೋಷ ಇಲ್ಲ ಅಂತಲ್ಲ. ನಿಧಾನ. ಐದಾರು ಸಲ ಪಂಪ್ ಮಾಡಬೇಕು, ಕತ್ತರಿಸಿದ ಸದ್ದು ಕೇಳಬೇಕು, ಬಿಡಬೇಕು, ತುಂಡು ತೆಗೆಯಬೇಕು. ಒಂದು ಸುತ್ತಿಗೆ 45 ಸೆಕೆಂಡ್. ಆರ್ಬರ್ ಆಗಿದ್ದರೆ ಇಪ್ಪತ್ತರಲ್ಲಿ ಮುಗೀತಿತ್ತು. ಆದರೆ ಇಲ್ಲಿ ಬಲ ಧಾರಾಳ ಇದೆಯಲ್ಲ, ಹಾಗಾಗಿ ಒಂದೇ ಡೈಯಲ್ಲಿ ಎರಡು ಆಕಾರ ಕೂರಿಸಿದೆವು. 48 ಸೆಂ.ಮೀ. ಅಂಚು, 2.4 ಟನ್, ಜಾಕಿಗೆ ಲೆಕ್ಕಕ್ಕೇ ಇಲ್ಲ. 400 ತುಂಡಿಗೆ 200 ಸುತ್ತು, ಎರಡೂವರೆ ಗಂಟೆ.

"ಹಂಗಾದ್ರ ಆರು ಕೂಡಿಸಿಬಿಡೂಣು" ಅಂದ ತಮ್ಮ. ಬೇಡ ಅಂದವರು ಕಾಕಾ. ಚರ್ಮ ಬಟ್ಟೆಯ ಥಾನ್ ಅಲ್ಲ. ಬೆನ್ನಿನ ಕಡೆ ಬಿಗಿ, ಹೊಟ್ಟೆಯ ಕಡೆ ಸಡಿಲು. ಉಣ್ಣೆ ಕಡಿದ ಗುರುತು, ಮುಳ್ಳುತಂತಿ ಗೀಚಿದ ಗಾಯ, ಬರೆ. ಚಿಕ್ಕ ಡೈಯನ್ನು ಗಾಯ ತಪ್ಪಿಸಿ ಹೇಗೆ ಬೇಕಾದರೂ ತಿರುಗಿಸಿ ಇಡಬಹುದು. ಆರರ ಡೈ ಇಟ್ಟರೆ ಅದರಲ್ಲಿ ಒಂದಾದರೂ ಗಾಯದ ಮೇಲೆ ಬೀಳುತ್ತೆ. ಅಲ್ಲದೆ ಕೀ ಚೈನ್ ಮಾಡೋದೇ ಚಪ್ಪಲಿ ಕತ್ತರಿಸಿ ಉಳಿದ ತುಂಡುಗಳಲ್ಲಿ. ಅದರಲ್ಲಿ ಆರರ ಡೈಗೆ ಜಾಗ ಎಲ್ಲಿ? ಪ್ರೆಸ್ ಬಂದ ಮೇಲೂ ಡೈ ಎಲ್ಲಿ ಇಡಬೇಕು ಅಂತ ಕಾಕಾ ತುಂಡನ್ನು ಬೆಳಕಿಗೆ ಹಿಡಿದು, ಮಡಚಿ, ನಖದಿಂದ ಒತ್ತಿ ನೋಡಿ ಹೇಳ್ತಾರೆ. ತಮ್ಮ ಈಗ ಅದನ್ನು ಕಲೀತಿದ್ದಾನೆ. ಪಂಪ್ ಮಾಡೋದು ಹೆಚ್ಚಾಗಿ ಕಾಕಿ.

ಡೈ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ಪ್ರೆಸ್ ಒಂದೇ ಸಲದ ಖರ್ಚು, ಡೈ ಪ್ರತಿ ಹೊಸ ಆಕಾರಕ್ಕೂ ಬರೋ ಖರ್ಚು. ಸಿಹಿ ತಿಂಡಿಯ ಡಬ್ಬ, ಮದುವೆ ಕಾರ್ಡು ಕತ್ತರಿಸೋ ಪ್ಯಾಕೇಜಿಂಗ್‌ನವರು ಬಳಸುತ್ತಾರಲ್ಲ, ಪ್ಲೈವುಡ್ಡಿನಲ್ಲಿ ಉಕ್ಕಿನ ಪಟ್ಟಿ ಕೂರಿಸಿದ್ದು, ಅದು ಅಗ್ಗ. ನಾನು ಇಂಕ್‌ಸ್ಕೇಪಿನಲ್ಲಿ ಚಿತ್ರ ಬರೆದು ಕಳಿಸಿದೆ. ಕಳಿಸುವ ಮುಂಚೆ ಕಾಗದದ ಮೇಲೆ ನಿಜ ಅಳತೆಯಲ್ಲೇ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿ. ಸೆಂಟಿಮೀಟರು, ಇಂಚು ಅದಲುಬದಲಾದರೆ ನಿಮ್ಮ ಕೀ ಚೈನ್ ಚಪ್ಪಲಿಯಷ್ಟಾಗುತ್ತೆ. ಇನ್ನೊಂದು: ಪಟ್ಟಿಯ ಇಳಿಜಾರು ಹೊರಗಡೆ ಮಾತ್ರ ಇರಲಿ ಅಂತ ಕೇಳಿ. ಆಗ ನಿಮಗೆ ಬೇಕಾದ ತುಂಡಿನ ಅಂಚು ನೇರವಾಗಿ ಬರುತ್ತೆ, ಓರೆ ಎಲ್ಲ ಸುತ್ತಲಿನ ಚೂರಿಗೆ ಹೋಗುತ್ತೆ. ತಿಂಗಳಿಗೆ ಸಾವಿರಗಟ್ಟಲೆ ಕತ್ತರಿಸುವವರಾದರೆ ದಪ್ಪ ಉಕ್ಕಿನ, ಮತ್ತೆ ಸಾಣೆ ಹಿಡಿಸಬಹುದಾದ ಡೈಯೇ ಒಳ್ಳೇದು.

ಡೈ ಕೆಳಗೆ ಕಬ್ಬಿಣ ಇಡಬೇಡಿ, ಒಂದೇ ಒತ್ತಿಗೆ ಬಾಯಿ ಹೋಗುತ್ತೆ. ದಪ್ಪ ನೈಲಾನ್ ಅಥವಾ ಎಚ್‌ಡಿಪಿಇ ಹಲಗೆ ಇರಲಿ, ಆಗಾಗ ತಿರುವಿ ಹಾಕಿ. ಎಲ್ಲ ಕಡೆ ಒಂದೇ ಸಮ ಕತ್ತರಿಸದಿದ್ದರೆ ಹಳೇ ಕಾರ್ಬನ್ ಪೇಪರ್ ಉಪಾಯ ಇದೆ: ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಇಟ್ಟು ಮೆಲ್ಲಗೆ ಒತ್ತಿ ನೋಡಿ. ಗುರುತು ಮಸುಕಾದ ಕಡೆ ಡೈಯ ಬೆನ್ನಿಗೆ ಒಂದೆರಡು ಪದರ ಸೆಲ್ಲೋಟೇಪ್ ಹಚ್ಚಿದರೆ ಸಾಕು. ನಮ್ಮದರಲ್ಲಿ ಒಂದು ಮೂಲೆಗೆ ಮೂರು ಪದರ ಬೇಕಾಯಿತು. ವೆಲ್ಡಿಂಗ್‌ನವರಿಗೆ ಅದು ಅವಮಾನ ಅನಿಸಿ ತಾವೇ ಬಂದು ತಟ್ಟೆ ಸರಿ ಮಾಡಿ ಹೋದರು.

ಒಟ್ಟು ಖರ್ಚು? ಚಾನಲ್, ತಟ್ಟೆ, ವೆಲ್ಡಿಂಗ್ ಕೂಲಿ 9,500. ಜಾಕ್ 2,200. ಎರಡರ ಡೈ 1,400. ಹಲಗೆ 900. ಹದಿನಾಲ್ಕು ಸಾವಿರ ರೂಪಾಯಿ. ನಿಮ್ಮೂರಲ್ಲಿ ಹೆಚ್ಚುಕಡಿಮೆ ಆಗಬಹುದು.

ಸರಕಾರದ ಸಹಾಯ ಇಲ್ಲವೇ ಅಂತ ಕೇಳ್ತೀರಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಮ್ಮಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ಇ-ವೋಚರ್, ಮೂಲ ತರಬೇತಿ ಮುಗಿಸಿದವರಿಗೆ ಮೊದಲ ಕಂತಾಗಿ ಒಂದು ಲಕ್ಷದವರೆಗೆ 5 ಪರ್ಸೆಂಟ್ ಬಡ್ಡಿಯ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. ಕಾಕಾನ ಹೆಸರಲ್ಲೋ ತಮ್ಮನ ಹೆಸರಲ್ಲೋ ಅನ್ನೋದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಮುಂದೆ ಹೊಲಿಗೆ ಮಷಿನ್ ಬೇಕಾಗುತ್ತೆ, ಅದಕ್ಕೆ ಇರಲಿ ಅಂತ ನನ್ನ ವಾದ.

ಇನ್ನು ಚಪ್ಪಲಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ಶೋದಲ್ಲಿ ಪ್ರಾಡಾ ಅಂಥದ್ದೇ ಚಪ್ಪಲಿ ತೋರಿಸಿ, ಊರಿನ ಹೆಸರು ಹೇಳದೆ ಬೈಸಿಕೊಂಡದ್ದು ನಿಮ್ಮ ಫೋನಿಗೂ ಬಂದಿರುತ್ತೆ. ಆಗ ಎಲ್ಲರೂ ಅಥಣಿ, ನಿಪ್ಪಾಣಿ ಅಂದರು. ವಿಜಯಪುರದ ಹೆಸರು ಪಟ್ಟಿಯಲ್ಲಿದೆ ಅನ್ನೋದು ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿರಲಿಲ್ಲ.

ತಮ್ಮನ ಪ್ರಶ್ನೆ: ಚಪ್ಪಲಿಯ ಎರಡು ಕಡೆ ಬರುವ ಕಿವಿಗಳನ್ನೂ ಈ ಪ್ರೆಸ್ಸಿನಲ್ಲೇ ಕತ್ತರಿಸಬಹುದಲ್ಲ? ಜೋಡಿಗೆ ನಾಲ್ಕು ಕಿವಿ, ತಿಂಗಳಿಗೆ ನಲವತ್ತು ಜೋಡಿ ಅಂದರೆ 160 ತುಂಡು. ಕತ್ತರಿಸಬಹುದು. ಆಮೇಲೆ ಅದನ್ನು ಕೈಕೆಲಸ ಅನ್ನಬಹುದೇ? ಹದ ಮಾಡಿದ ಚರ್ಮ ಆರಿಸೋದು, ಅಟ್ಟೆ ಕೊಯ್ದು ಬಡಿಯೋದು, ಚರ್ಮದ ಎಳೆಯಿಂದಲೇ ಹೊಲಿಯೋದು, ಜಡೆ ಹೆಣೆಯೋದು ಎಲ್ಲ ಕೈಯಲ್ಲೇ ಇರುವಾಗ ಕಿವಿಯೊಂದನ್ನು ಕೈಯಿಂದ ಪಂಪ್ ಮಾಡುವ ಜಾಕಿನಲ್ಲಿ ಕತ್ತರಿಸಿದರೆ ಅನ್ನಬಹುದು ಅನ್ನೋದು ನನ್ನ ಅಭಿಪ್ರಾಯ. ಆದರೆ ಕೊಳ್ಳುವವರಿಗೆ ಅದನ್ನು ಚೀಟಿಯಲ್ಲಿ ಬರೆದು ತಿಳಿಸಬೇಕು ಅಂತಲೂ ಹೇಳಿದೆ. ತಮ್ಮನಿಗೆ ಅದು ಅಷ್ಟು ಹಿಡಿಸಲಿಲ್ಲ. ಕಾಕಾ ಮಾತ್ರ, "ಬರೀರಿ, ಮುಚ್ಚಿಡೂದೇನೈತಿ" ಅಂದರು. ಅಟ್ಟೆಯನ್ನು ಮಾತ್ರ ಪ್ರೆಸ್ಸಿಗೆ ಕೊಡೋದಿಲ್ಲ ಅಂತ ಅವರ ಹಟ. "ಗಿರಾಕಿ ಕಾಲು ಇಟ್ಟು ಗೆರಿ ಹಾಕ್ತೇನಿ. ಯಾರ ಕಾಲೂ ಒಂದ ಡೈಯಾಗ ಹುಟ್ಟಿಲ್ಲ."

ಕೀ ಚೈನ್ 400 ಹೋದವು. ತಮ್ಮ ಸದ್ಯಕ್ಕೆ ಊರಲ್ಲೇ ಇದ್ದಾನೆ. ದೀಪಾವಳಿ ತನಕ ನೋಡ್ತೀನಿ ಅಂದಿದ್ದಾನೆ. ಕಿವಿಯ ಡೈಗೆ ಚಿತ್ರ ಬರೀತಿದ್ದೇನೆ. ಅದರಲ್ಲಿ ಎಡ, ಬಲ ಕನ್ನಡಿಯ ಬಿಂಬದ ಹಾಗೆ ಬೇರೆ ಬೇರೆ. ಪ್ಲೈವುಡ್ ಡೈ ಮಗುಚಿ ಹಾಕಲು ಬರೋದಿಲ್ಲ, ಚರ್ಮ ಮಗುಚಿದರೆ ಒರಟು ಮೈ ಮೇಲೆ ಬರುತ್ತೆ. ಹಾಗಾಗಿ ಎರಡು ಡೈ ಬೇಕು, ಅಥವಾ ಎರಡೂ ಕಡೆ ಬಾಯಿ ಇರುವ ಉಕ್ಕಿನದು ಒಂದು. ಸೋಮವಾರ ಎರಡಕ್ಕೂ ಬೆಲೆ ಕೇಳಬೇಕು.